ಕೋರ್ಟಿನಲ್ಲಿದ್ದ ತಾತ

ಕಂಪೌಂಡರು ತಮ್ಮ ಜೀವಮಾನದಲ್ಲಿ ಹೇಳಿದ ಅತಿ ದೊಡ್ಡ ಸುಳ್ಳು ಒಂದು ಕೆಮ್ಮು. ಅದನ್ನು ಸುಳ್ಳೆಂದು ಕರೆಯಬಹುದೋ ಇಲ್ಲವೋ ಎಂಬ ವಿಷಯದಲ್ಲಿ ಅವರ ಮನೆಯಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ.

ಅವರಿಗೆ ಒಬ್ಬಳೇ ಮಗಳು. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದಳು. ಅಲ್ಲೇ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದ್ದಳು, ಹುಡುಗನೂ ಒಪ್ಪಿದ್ದ. ಉಳಿದದ್ದು ಹಿರಿಯರ ಮಾತುಕತೆ ಮಾತ್ರ. ಹುಡುಗನ ತಂದೆ ನಿವೃತ್ತ ಸ್ಟೇಷನ್ ಮಾಸ್ಟರ್. ಭಾನುವಾರ ನಾಲ್ಕು ಗಂಟೆಗೆ ಬರುತ್ತೇನೆ ಎಂದವರು ನಾಲ್ಕಕ್ಕೆ ಎರಡು ನಿಮಿಷ ಇರುವಾಗಲೇ ಬಂದು, ಗೇಟಿನ ಹೊರಗೆ ಗಡಿಯಾರ ನೋಡುತ್ತ ನಿಂತು, ಸರಿಯಾಗಿ ನಾಲ್ಕಕ್ಕೆ ಒಳಗೆ ಕಾಲಿಟ್ಟರು. ಕಂಕುಳಲ್ಲಿ ಚಾಪೆಯಂಥ ಒಂದು ಸುರುಳಿ.

ಅದು ವಂಶವೃಕ್ಷ. ನಿವೃತ್ತಿಯಾದ ಮೇಲೆ ಅವರು ಹಿಡಿದುಕೊಂಡ ಕೆಲಸ ಅದೊಂದೇ. ಅದನ್ನು ನೆಲದ ಮೇಲೆ ಬಿಡಿಸಿದರೆ ಏಳು ತಲೆಮಾರು, ಕುರ್ಚಿಯ ಕಾಲಿನಿಂದ ಕಪಾಟಿನವರೆಗೆ. ಎಡಬದಿ ತುಂಬಿತ್ತು. ಬಲಬದಿ ಬಿಳಿ.

"ಇದು ನಿಮ್ಮ ಕಡೇದು ಬೀಗರೇ. ತುಂಬಿಸ್ಬೇಕು," ಎಂದು ಅವರು ಪೆನ್ನಿನ ಮುಚ್ಚಳ ತೆಗೆದರು. "ನಿಮ್ಮ ತಾತ ಏನ್ಮಾಡ್ತಿದ್ರು?"

ಕಂಪೌಂಡರು ಆಗಷ್ಟೇ ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ಬಾಯಿಗಿಟ್ಟಿದ್ದರು. ತಾತನ ಬಗ್ಗೆ ಅವರ ತಂದೆ ಹೇಳುತ್ತಿದ್ದದ್ದು ಒಂದೇ ಮಾತು. ಅದನ್ನೇ ಹೇಳಿದರು. "ಕೋರ್ಟಲ್ಲಿದ್ರು."

"ಕೋರ್ಟಲ್ಲಾ! ಜಡ್ಜಾಗಿದ್ರಾ?"

ಬಿಸ್ಕತ್ತು ದಾರಿ ತಪ್ಪಿತು. ಕಂಪೌಂಡರಿಗೆ ಕೆಮ್ಮು ಹತ್ತಿತು. ಕೆಮ್ಮುವವನ ತಲೆ ಮೇಲೆ ಕೆಳಗೆ ಆಡುತ್ತದೆಯೇ ಹೊರತು ಎಡಕ್ಕೆ ಬಲಕ್ಕೆ ಆಡುವುದಿಲ್ಲ. ಇದು ಮನುಷ್ಯ ದೇಹದ ರಚನೆಯಲ್ಲೇ ಇರುವ ದೋಷ, ಕಂಪೌಂಡರ ತಪ್ಪಲ್ಲ. ಅವರು ನೀರು ಕುಡಿದು, ಕಣ್ಣೊರೆಸಿಕೊಂಡು, "ಅಯ್ಯೋ ಹಾಗಲ್ಲ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬಿಳಿ ಕಾಗದದ ಮೇಲೆ ಅಳಿಸಲಾಗದ ಶಾಯಿಯಲ್ಲಿ "ನ್ಯಾಯಾಧೀಶರು" ಎಂದು ಮೂಡಿಯಾಗಿತ್ತು.

ಕಂಪೌಂಡರು ಹೆಂಡತಿಯ ಮುಖ ನೋಡಿದರು. ಆಕೆ ಈ ಮನೆಗೆ ಬಂದು ಇಪ್ಪತ್ತೇಳು ವರ್ಷ. ಅಷ್ಟು ವರ್ಷಗಳಲ್ಲಿ ಗಂಡನ ಕಡೆಯವರ ಬಗ್ಗೆ ಹೇಳಿಕೊಳ್ಳುವಂಥ ಒಂದೇ ಒಂದು ಸಂಗತಿಯೂ ಆಕೆಗೆ ಸಿಕ್ಕಿರಲಿಲ್ಲ.

"ಇವರ ಮನೇಲಿ ಯಾರೂ ಅದನ್ನ ಹೇಳ್ಕೊಳ್ಳಲ್ಲ," ಎಂದಳು ಆಕೆ, ತಟ್ಟೆ ಮುಂದೆ ಸರಿಸುತ್ತ. "ತುಂಬಾ ಸಂಕೋಚ."

ವಾರದೊಳಗೆ ಬೀದಿಗೆಲ್ಲ ಗೊತ್ತಾಯಿತು. ಮೂವತ್ತು ವರ್ಷದಿಂದ "ಏಯ್, ಆ ಬಾಟ್ಲು ತಾ" ಎನ್ನುತ್ತಿದ್ದ ಡಾಕ್ಟರು, "ಕೂತ್ಕೊಳ್ಳಿ, ನಾನೇ ತಗೋತೀನಿ" ಎಂದರು. ಕಂಪೌಂಡರಿಗೆ ಕೂತರೂ ಕಷ್ಟ, ನಿಂತರೂ ಕಷ್ಟ. ಗೋಡೆಯ ವಿಷಯಕ್ಕೆ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕಪಕ್ಕದ ಇಬ್ಬರು, ಕಂಪೌಂಡರ ರಕ್ತದಲ್ಲೇ ನ್ಯಾಯ ಹರಿಯುತ್ತಿದೆ ಎಂದು ಅವರನ್ನು ಪಂಚಾಯಿತಿಗೆ ಕರೆದರು. ಕಂಪೌಂಡರು ಇಬ್ಬರದೂ ಸರಿ ಎಂದರು. ಅಂದಿನಿಂದ ಅವರಿಬ್ಬರೂ ಒಂದಾಗಿ ಕಂಪೌಂಡರ ಜೊತೆ ಮಾತು ಬಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆ ಬರೆಯುವ ಅಗತ್ಯವಿರಲಿಲ್ಲ. ಮರುವಾರದ ಬುಧವಾರ ಸಂಜೆ ಐದಕ್ಕೆ ಸರಿಯಾಗಿ ಸ್ಟೇಷನ್ ಮಾಸ್ಟರ್ ಮತ್ತೆ ಬಂದರು.

"ಬೀಗರೇ, ಹಳೇ ದಾಖಲೆಗಳ ಕಚೇರಿ ಇದೆಯಲ್ಲ, ಅಲ್ಲಿ ಹಳೇ ಕೋರ್ಟಿನ ಕಾಗದವೆಲ್ಲ ಇವೆಯಂತೆ. ನಿಮ್ಮ ತಾತ ಕೊಟ್ಟ ತೀರ್ಪು ಒಂದನ್ನಾದ್ರೂ ಹುಡುಕ್ಬೇಕು. ಫ್ರೇಮ್ ಹಾಕಿಸಿ, ಮದುವೆ ದಿನ ಎಲ್ಲರ ಮುಂದೆ ಗೋಡೆಗೆ ತೂಗು ಹಾಕೋಣ."

ಕಂಪೌಂಡರು ಕೈಗೆತ್ತಿಕೊಂಡಿದ್ದ ಬಿಸ್ಕತ್ತನ್ನು ತಟ್ಟೆಗೇ ಇಟ್ಟುಬಿಟ್ಟರು.

"ಆದ್ರೆ ಒಂದು ಅನ್ಯಾಯ ಆಗ್ತಿದೆ," ಎಂದು ಸ್ಟೇಷನ್ ಮಾಸ್ಟರ್ ಮುಖ ಸಣ್ಣ ಮಾಡಿದರು. "ಮುಂದಿನ ತಿಂಗಳಿಂದ ಅಲ್ಲಿಗೆ ಜನರಿಗೆ ಪ್ರವೇಶ ಇಲ್ವಂತೆ. ಎಲ್ಲಾ ಮೂಟೆ ಕಟ್ಟಿ ಗೋದಾಮಿಗೆ ಹಾಕ್ತಾರಂತೆ."

"ಛೆ! ಎಂಥಾ ಅನ್ಯಾಯ!" ಎಂದರು ಕಂಪೌಂಡರು. ಅಷ್ಟು ಸಂತೋಷದಿಂದ ಯಾರೂ ಅನ್ಯಾಯವನ್ನು ಖಂಡಿಸಿರಲಿಕ್ಕಿಲ್ಲ.

"ಹೌದಲ್ವಾ? ಹಾಗಾದ್ರೆ ಸುಮ್ನೆ ಬಿಡೋದು ಬೇಡ!" ಎಂದು ಸ್ಟೇಷನ್ ಮಾಸ್ಟರ್ ಎದ್ದು ನಿಂತರು.

ಮರುದಿನ ಕಂಪೌಂಡರು ಅರ್ಧ ದಿನ ರಜೆ ಹಾಕಿ ತಮ್ಮ ಸೋದರತ್ತೆಯ ಮನೆಗೆ ಹೋದರು. ತಾತ ಕೋರ್ಟಿನಲ್ಲಿ ನಿಜಕ್ಕೂ ಏನಾಗಿದ್ದರು ಎಂದು ತಿಳಿದವರು ಇನ್ನು ಆಕೆ ಒಬ್ಬರೇ. ಜವಾನನಾಗಿದ್ದರೂ ಸರಿ, ಹೇಗೋ ಸಂಭಾಳಿಸಬಹುದು ಎಂದು ದಾರಿಯುದ್ದಕ್ಕೂ ಧೈರ್ಯ ಹೇಳಿಕೊಂಡರು.

ಅತ್ತೆಗೆ ಎಂಬತ್ತಾರು. ಕಿಟಕಿಯ ಪಕ್ಕ ಕೂತು ಗುಂಡಿ ಹೊಲಿಯುತ್ತಿದ್ದರು.

"ನಮ್ಮಪ್ಪಾನಾ? ಕೋರ್ಟಲ್ಲೇ ಇದ್ದ ಕಣೋ. ದಿನಾ ಹೋಗ್ತಿದ್ದ."

"ಏನ್ ಕೆಲಸ ಅತ್ತೆ?"

"ಹೊರಗಡೆ ಮರದ ಕೆಳಗೆ ಕೂತ್ಕೋತಿದ್ದ. ವಕೀಲರು ಕರೆದಾಗ ಒಳಗೆ ಹೋಗಿ ಸಾಕ್ಷಿ ಹೇಳ್ತಿದ್ದ."

"ಯಾವ ಕೇಸಿಗೆ?"

"ಯಾರು ಕರೆದ್ರೆ ಅವರ ಕೇಸಿಗೆ."

"ಅಂದ್ರೆ... ಅದನ್ನೆಲ್ಲಾ ಅವರು ಕಣ್ಣಾರೆ ನೋಡ್ತಿದ್ರಾ?"

"ಎಲ್ಲಿಂದ ನೋಡ್ತಾನೆ? ಅವನಿಗೆ ಸಂಜೆ ಮೇಲೆ ಕಣ್ಣೇ ಕಾಣ್ತಿರಲಿಲ್ಲ." ಅತ್ತೆ ಹಲ್ಲಿನಿಂದ ದಾರ ಕಡಿದರು. "ಕಳ್ಳತನಕ್ಕೆಲ್ಲಾ ಅವನೇ ಸಾಕ್ಷಿ. ಬಾಡಿಗೆ ಸಾಕ್ಷಿ ಅಂತಿದ್ರು. ಕೊನೆಗೆ ಜೈಲಿಗೂ ಹೋಗಿ ಬಂದ. ಯಾಕೆ ಅಂತ ನನಗೆ ಗೊತ್ತಿಲ್ಲ, ನಾನು ಆಗ ಇಷ್ಟುದ್ದ ಇದ್ದೆ."

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಆಕೆ ಎದ್ದು ಬಾಗಿಲ ಚಿಲಕ ಹಾಕಿದಳು.

"ಈಗ್ಲೇ ಹೇಳ್ಬಿಡ್ಲಾ?" ಎಂದರು ಕಂಪೌಂಡರು.

"ಈಗ್ಲಾ? ಮದುವೆ ಆಗ್ಲಿ. ಮೊಮ್ಮಕ್ಕಳಾದ್ಮೇಲೆ ಹೇಳಿದ್ರೆ ಇನ್ನೂ ಒಳ್ಳೇದು."

ಆದರೆ ಕಾಗದ ಅಲ್ಲಿವರೆಗೆ ಕಾಯಬೇಕಲ್ಲ? ಕಚೇರಿ ಮುಚ್ಚಲು ಇನ್ನೂ ಹದಿನೆಂಟು ದಿನವಿತ್ತು. ಅಷ್ಟರೊಳಗೆ ಸ್ಟೇಷನ್ ಮಾಸ್ಟರ್ ಹೋಗಿ ಕಟ್ಟು ಬಿಚ್ಚಿಸಿದರೆ ಗತಿಯೇನು? ಕಂಪೌಂಡರು ಒಂದು ನಿರ್ಧಾರಕ್ಕೆ ಬಂದರು. ಬದುಕಿನಲ್ಲಿ ಅವರು ತಾವಾಗಿ ತೆಗೆದುಕೊಂಡ ನಿರ್ಧಾರಗಳು ನಾಲ್ಕೋ ಐದೋ. ಎಲ್ಲವೂ ಉಲ್ಟಾ ಹೊಡೆದಿದ್ದವು.

ದಾಖಲೆಗಳ ಕಚೇರಿ ಅಂಚೆ ಕಚೇರಿಯ ಹಿಂದಿನ ಉದ್ದನೆಯ ಕಟ್ಟಡ. ಒಳಗೆ ಸೂರಿನವರೆಗೂ ಕಬ್ಬಿಣದ ಕಪಾಟುಗಳು, ಅವುಗಳಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ನುಸಿಗುಳಿಗೆಯ ವಾಸನೆ. ಫ್ಯಾನು ಇತ್ತು, ಹಾಕುವಂತಿರಲಿಲ್ಲ. ಹಾಕಿದರೆ ನೂರು ವರ್ಷದ ಕಾಗದ ಪುಡಿಯಾಗಿ ಹಾರುತ್ತದೆ. ಕಚೇರಿಯನ್ನು ನೋಡಿಕೊಳ್ಳುವ ಮೇಡಂ ಏಣಿಯ ತುದಿಯಲ್ಲಿ ನಿಂತು ಗಂಟಿನ ಧೂಳು ಹೊಡೆಯುತ್ತಿದ್ದರು.

"ಮೇಡಂ, ಒಂದು ಗುಟ್ಟಿನ ವಿಷಯ ಇತ್ತು."

"ಏನಿದ್ರೂ ಬರೆದು ಕೊಡಿ. ಬಾಯಿಮಾತು ಇಲ್ಲಿ ನಡೆಯಲ್ಲ," ಎಂದರು ಮೇಡಂ ಮೇಲಿನಿಂದ.

ಕಂಪೌಂಡರು ಮೇಜಿನ ಮೇಲಿದ್ದ ಫಾರಂ ತೆಗೆದುಕೊಂಡು ತಾತನ ಹೆಸರು, ಅಂದಾಜು ವರ್ಷ ತುಂಬಿದರು. ಕೆಳಗೆ ಬರೆದರು: "ನನ್ನ ತಾತನವರ ಕೋರ್ಟಿನ ಕಾಗದಗಳನ್ನು ಯಾರು ಬಂದು ಕೇಳಿದರೂ ದಯವಿಟ್ಟು ಕೊಡಬೇಡಿ." ಅದನ್ನು ಗಾಜಿನ ಗುಂಡಿನ ಕೆಳಗಿಟ್ಟು ಹಗುರಾದ ಎದೆಯಿಂದ ಹೊರಬಂದರು.

ಇಲ್ಲಿ ಓದುಗರಿಗೆ ಒಂದು ಮಾತು ತಿಳಿಸಬೇಕು. ಕಂಪೌಂಡರು ಮೂವತ್ತು ವರ್ಷ ಓದಿದ್ದು ಡಾಕ್ಟರ ಬರಹವನ್ನು. ಆ ಬರಹ ಎಂಥದ್ದೆಂದರೆ, ಊರಿನ ಔಷಧಿ ಅಂಗಡಿಯವರು ಚೀಟಿ ಹಿಡಿದು ಇವರ ಬಳಿಗೇ ಓಡಿಬರುತ್ತಿದ್ದರು. ಇವರಿಗೆ ಓದಲಾಗದ ಬರಹ ಭೂಮಿಯ ಮೇಲಿರಲಿಲ್ಲ. ಆದರೆ ಅದನ್ನು ಓದಿ ಓದಿ, ನಕಲು ಮಾಡಿ ಮಾಡಿ, ಇವರ ಕೈಬರಹವೂ ಅದೇ ಆಗಿಹೋಗಿತ್ತು. "ಕೊಡಬೇಡಿ" ಎಂಬುದು "ಕೊಡಬೇ" ಎಂಬವರೆಗೆ ಅಕ್ಷರವಾಗಿತ್ತು. ಆಮೇಲೆ ಒಂದು ಎರೆಹುಳ.

ಏಣಿಯಿಂದಿಳಿದ ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ಓದಿದರು. "ಯಾರು ಬಂದು ಕೇಳಿದರೂ ದಯವಿಟ್ಟು ಕೊಡಬೇಕು." ಕಚೇರಿ ಮುಚ್ಚಬಾರದೆಂದು ಒಬ್ಬ ನಾಗರಿಕನಾದರೂ ಬರೆದುಕೊಡಲಿ ಎಂದು ಆಕೆ ತಿಂಗಳುಗಟ್ಟಲೆ ಕಾದಿದ್ದರು. ಆಕೆ ಕೂಡಲೇ ಬಣ್ಣದ ಡಬ್ಬಿ ಹುಡುಕಿದರು.

ಮಾರನೆಯ ಬೆಳಿಗ್ಗೆ ಆ ವಾಕ್ಯ ಮೇಡಂ ಅವರ ದುಂಡನೆಯ ಅಕ್ಷರದಲ್ಲಿ, ಒಂದೊಂದು ಅಕ್ಷರವೂ ಗೇಣುದ್ದವಾಗಿ, ಕಚೇರಿಯ ಗೇಟಿನ ಮೇಲಿತ್ತು. ಕೆಳಗೆ ಕಂಪೌಂಡರ ಹೆಸರು. ಅದರ ಕೆಳಗೆ, "ನೀವೂ ಸಹಿ ಹಾಕಿ."

ಸ್ಟೇಷನ್ ಮಾಸ್ಟರ್ ಮೊದಲ ಬಾರಿಗೆ ಹೊತ್ತುಗೊತ್ತಿಲ್ಲದೆ ಕ್ಲಿನಿಕ್ಕಿಗೆ ನುಗ್ಗಿ, ರೋಗಿಗಳೆಲ್ಲರ ಮುಂದೆ ಕಂಪೌಂಡರನ್ನು ತಬ್ಬಿಕೊಂಡರು.

"ನಾನು ಬರೀ ಮಾತಾಡ್ತಿದ್ದೆ ಬೀಗರೇ. ನೀವು ಮಾಡೇಬಿಟ್ರಿ! ಕಚೇರಿ ಉಳಿಸೋಕೆ ಒಂದು ಸಮಿತಿ ಮಾಡೋಣ, ನೀವೇ ಅಧ್ಯಕ್ಷರು, ಬೇಡ ಅನ್ಬಾರ್ದು!"

"ಸಾರ್, ನಾನು ಬರೆದಿದ್ದು..."

"ಯಾರು ಬಂದು ಕೇಳಿದರೂ! ಆಹಾ! ಜಡ್ಜ್ ಮೊಮ್ಮಗ ಅಲ್ದೆ ಬೇರೆ ಯಾರು ಬರೀತಾರೆ ಹೀಗೆ?"

ಸಹಿಗಳು ಬಿದ್ದವು. ಎಲ್ಲರಿಗೂ ಏನೋ ಒಂದು ಬೇಕಿತ್ತು. ತಾನು ಗಣಿತದಲ್ಲಿ ಪಾಸಾಗಿದ್ದೆನೆಂದು ಮಗನಿಗೆ ತೋರಿಸಲು ಒಬ್ಬರಿಗೆ ಹಳೇ ಶಾಲೆಯ ಪಟ್ಟಿ ಬೇಕಿತ್ತು. ಅವಳಿಗಳಾದ ಇಬ್ಬರು ಅಜ್ಜಿಯರು ಒಬ್ಬರ ಕೈ ಒಬ್ಬರು ಹಿಡಿದು ಬಂದು, "ಯಾರು ಮೊದಲು ಹುಟ್ಟಿದ್ದು ಅಂತ ಸಾಯೋದ್ರೊಳಗೆ ತೀರ್ಮಾನ ಆಗ್ಬೇಕು" ಎಂದು ಹೆಬ್ಬೆಟ್ಟು ಒತ್ತಿದರು. ನಾನೂರ ಹನ್ನೆರಡು ಸಹಿಯಾಯಿತು. ಮೇಲಿನ ಕಚೇರಿ ನಡುಗದಿದ್ದರೂ ಸ್ವಲ್ಪ ಅಲುಗಾಡಿತು. ದೊಡ್ಡ ಅಧಿಕಾರಿಗಳು ತಾವೇ ಬಂದು ಜನರ ಅಹವಾಲು ಕೇಳಿ, ಅಲ್ಲೇ ತೀರ್ಮಾನ ಹೇಳುವುದೆಂದು ದಿನ ಗೊತ್ತಾಯಿತು.

ಆ ದಿನ ಕಚೇರಿಯ ಓದುಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸಾಲಿನಲ್ಲಿ ಸ್ಟೇಷನ್ ಮಾಸ್ಟರ್, ತೊಡೆಯ ಮೇಲೆ ವಂಶವೃಕ್ಷದ ಸುರುಳಿ. ಪಕ್ಕದಲ್ಲಿ ಕಂಪೌಂಡರ ಹೆಂಡತಿ, ಮಗಳು, ಹುಡುಗ. ಡಾಕ್ಟರು ಕ್ಲಿನಿಕ್ ಮುಚ್ಚಿ ಬಂದಿದ್ದರು. ಮಾತು ಬಿಟ್ಟಿದ್ದ ಅಕ್ಕಪಕ್ಕದವರೂ ಬಂದಿದ್ದರು. ಫ್ಯಾನು ಹಾಕದ ಆ ಕೋಣೆಯಲ್ಲಿ ಎಲ್ಲರೂ ಬೆವರುತ್ತಿದ್ದರು. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಕಂಪೌಂಡರ ಬೆವರಿಗೂ ಸೆಕೆಗೂ ಸಂಬಂಧವಿರಲಿಲ್ಲ.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ನೋಡಿ, ಇಲ್ಲಿ ಆರು ಸಾವಿರ ಗಂಟು ಇದೆ. ಹೋದ ವರ್ಷ ಬಂದೋರು ಹನ್ನೊಂದು ಜನ. ಅದ್ರಲ್ಲಿ ನಾಲ್ಕು ಜನ ಅಂಚೆ ಕಚೇರಿ ಎಲ್ಲಿ ಅಂತ ಕೇಳಕ್ಕೆ ಬಂದೋರು."

"ಈಗ ನಾನೂರ ಹನ್ನೆರಡು ಜನ ಕೇಳ್ತಿದ್ದಾರೆ ಸಾರ್," ಎಂದರು ಮೇಡಂ.

"ಕೇಳ್ತಾರಮ್ಮ. ತೆಗೆದು ಕೊಟ್ರೆ ಓದೋರು ಯಾರು? ಆ ಕಾಲದ ಗುಮಾಸ್ತರ ಬರಹ ನೀವೇ ದಿನಕ್ಕೆ ಎರಡು ಸಾಲು ಓದ್ತೀರಿ." ಅಧಿಕಾರಿ ಸುತ್ತ ನೋಡಿದರು. "ಒಂದು ಕೆಲಸ ಮಾಡೋಣ. ಒಂದು ಕಾಗದ ತೆಗೀರಿ. ಇಲ್ಲಿರೋರಲ್ಲಿ ಯಾರಾದ್ರೂ ಒಬ್ಬರು ಅದನ್ನ ಪೂರ್ತಿ ಓದಿದ್ರೆ ಕಚೇರಿ ತೆರೆದಿರತ್ತೆ. ಇಲ್ಲಾಂದ್ರೆ ಗೋದಾಮು. ಯಾರ ಅರ್ಜಿ ಮೊದಲು ಬಂದಿದ್ದು?"

ಮೊದಲನೆಯದು ಕಂಪೌಂಡರದೇ. ಅವರ ತಾತನ ಕಾಗದವನ್ನು ಮೇಡಂ ಆಗಲೇ ತೆಗೆದಿಟ್ಟಿದ್ದರು. ಕೆಂಪು ಬಟ್ಟೆ ಬಿಚ್ಚಿ, ಹಳದಿಯಾದ ನಾಲ್ಕು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಸ್ಟೇಷನ್ ಮಾಸ್ಟರ್ ಬಗ್ಗಿ ನೋಡಿ, "ಇರುವೆ ಸಾಲು ಇದ್ದಂಗಿದೆ" ಎಂದರು. ಡಾಕ್ಟರು ನೋಡಿ, "ನನ್ನ ಬರಹವೇ ವಾಸಿ" ಎಂದರು. ಇಡೀ ಕೋಣೆ ಕಂಪೌಂಡರ ಕಡೆ ತಿರುಗಿತು.

"ಇವರು ಓದ್ತಾರೆ!" ಎಂದು ಡಾಕ್ಟರು ಎದೆ ಉಬ್ಬಿಸಿದರು. "ಮೂವತ್ತು ವರ್ಷ ನಾನೇ ತಯಾರು ಮಾಡಿದ್ದೀನಿ."

ಕಂಪೌಂಡರು ಎದ್ದು ಹಾಳೆ ಕೈಗೆತ್ತಿಕೊಂಡರು. ಓದಲು ಬರುವುದಿಲ್ಲ ಎಂದರೆ ಕಚೇರಿ ಹೋಗುತ್ತದೆ, ಮಾನ ಉಳಿಯುತ್ತದೆ. ಅವಳಿ ಅಜ್ಜಿಯರು ಎದುರಿಗೇ ಕೂತಿದ್ದರು. ಮೇಡಂ ಬಿಚ್ಚಿದ ಕೆಂಪು ಬಟ್ಟೆ ಹಿಡಿದು ನಿಂತಿದ್ದರು. ಅಷ್ಟರಲ್ಲಿ ಕಂಪೌಂಡರಿಗೆ ಮೂರನೆಯ ದಾರಿಯೊಂದು ಹೊಳೆಯಿತು. ಇದನ್ನು ಬೇರೆ ಯಾರೂ ಓದಲಾರರು. ತಾನು ಏನು ಓದಿದರೆ ಅದೇ ಅಲ್ಲಿ ಬರೆದಿರುವುದು!

ಗಂಟಲು ಸರಿಮಾಡಿಕೊಂಡರು. "ಘನ ನ್ಯಾಯಾಧೀಶರಾದ... ನಮ್ಮ ತಾತನವರು... ಪೀಠದ ಮೇಲೆ ಕುಳಿತು..."

ಸ್ಟೇಷನ್ ಮಾಸ್ಟರ್ ಕಣ್ಣು ಮುಚ್ಚಿ ತಲೆದೂಗಿದರು. ಹೆಂಡತಿ ಸೆರಗಿನಿಂದ ಹಣೆ ಒರೆಸಿಕೊಂಡಳು.

"ಆರೋಪಿಯನ್ನು ಕರೆಸಿ... ಬಹಳ ಗಂಭೀರವಾಗಿ..." ಮುಂದೆ ಏನು ಕಟ್ಟಬೇಕೆಂದು ತೋಚದೆ ಕಂಪೌಂಡರು ಎರಡನೆಯ ಹಾಳೆಯ ಮೇಲೆ ಕಣ್ಣಾಡಿಸಿದರು. ಕಣ್ಣು ಅಲ್ಲೇ ನಿಂತಿತು. ಬಾಯಿಯೂ ನಿಂತಿತು.

ಒಂದು ನಿಮಿಷವಾಯಿತು. ಸ್ಟೇಷನ್ ಮಾಸ್ಟರ್ ಗಡಿಯಾರ ನೋಡಿದರು. ಎರಡು ನಿಮಿಷವಾಯಿತು.

"ಓದಕ್ಕಾಗಲ್ಲ ಅಲ್ವಾ?" ಎಂದು ಅಧಿಕಾರಿ ಪೆನ್ನು ತೆಗೆದರು.

"ಓದಕ್ಕಾಗತ್ತೆ ಸಾರ್." ಕಂಪೌಂಡರ ದನಿ ಬೇರೆಯಾಗಿತ್ತು. "ಇಷ್ಟೊತ್ತು ನಾನು ಓದಿದ್ದು ಇದ್ರಲ್ಲಿಲ್ಲ. ಮೊದಲಿಂದ ಓದ್ತೀನಿ."

ಹೆಂಡತಿ ಕಣ್ಣು ಬಿಟ್ಟು ಬೇಡ ಎಂದಳು. ಕಂಪೌಂಡರು ಆ ಕಡೆ ನೋಡಲಿಲ್ಲ. ಓದತೊಡಗಿದರು.

"ಮನೆಗೆಲಸದ ಹೆಂಗಸು ಬೆಳ್ಳಿ ಲೋಟ ಕದ್ದಳೆಂಬ ಪ್ರಕರಣ. ಮೂರನೇ ಸಾಕ್ಷಿ." ಅಲ್ಲಿ ತಾತನ ಹೆಸರಿತ್ತು. ಅದನ್ನು ಸ್ಪಷ್ಟವಾಗಿ ಓದಿದರು. ಸ್ಟೇಷನ್ ಮಾಸ್ಟರ್ ಕಣ್ಣು ತೆರೆದರು.

"ಪ್ರಶ್ನೆ: ಲೋಟ ಕಳುವಾದ ದಿನ, ಅದೇ ಹೊತ್ತಿಗೆ, ಪಕ್ಕದೂರಿನಲ್ಲಿ ಹೊಡೆದಾಟ ನೋಡಿದೆನೆಂದು ಹೋದ ತಿಂಗಳು ಸಾಕ್ಷಿ ಹೇಳಿದ್ದೆಯಲ್ಲ? ಉತ್ತರ: ಹೇಳಿದ್ದೆ ಸ್ವಾಮಿ. ಪ್ರಶ್ನೆ: ಅದೇ ಹೊತ್ತಿನಲ್ಲಿ ಈ ಊರಿನಲ್ಲಿ ಲೋಟ ಕದ್ದದ್ದನ್ನು ಹೇಗೆ ನೋಡಿದೆ? ಉತ್ತರ: ಹೊಡೆದಾಟ ಬೇಗ ಮುಗಿಯಿತು ಸ್ವಾಮಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಕಂಪೌಂಡರ ಕಿವಿ ಕೆಂಪಾಯಿತು. ಆದರೂ ನಿಲ್ಲಿಸಲಿಲ್ಲ.

"ಪ್ರಶ್ನೆ: ಈ ಹೆಂಗಸು ಲೋಟ ಕದ್ದದ್ದನ್ನು ನೀನು ನೋಡಿದೆಯೋ? ಸದರಿ ಸಾಕ್ಷಿಯು ಬಹಳ ಹೊತ್ತು ಸುಮ್ಮನಿದ್ದು ಹೇಳಿದ್ದೇನೆಂದರೆ: ನಾನು ಏನೂ ನೋಡಿಲ್ಲ ಸ್ವಾಮಿ. ನೋಡಿದೆ ಎಂದು ಹೇಳುವುದಕ್ಕೆ ಬಂದವನು. ಇದಕ್ಕೆ ಮುಂಚೆ ಹೇಳಿದ್ದೂ ಯಾವುದನ್ನೂ ನೋಡಿ ಹೇಳಿದ್ದಲ್ಲ. ಪ್ರಶ್ನೆ: ಹಾಗಾದರೆ ಈ ದಿನ ನಿಜ ಏಕೆ ಹೇಳುತ್ತಿದ್ದೀಯೆ?"

ಕಂಪೌಂಡರು ಇಲ್ಲಿ ತಡೆದರು. ಹಾಳೆಯನ್ನು ಬೆಳಕಿಗೆ ತಿರುಗಿಸಿದರು. ಮೇಡಂ ಬಂದು ಅದರ ಅಂಚನ್ನು ಹಿಡಿದುಕೊಂಡರು.

"ಉತ್ತರ: ನಾನು ಒಳಗೆ ಬರುವಾಗ ಈ ಹೆಂಗಸು ತನ್ನ ವಕೀಲರಿಗೆ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. ಇವರು ವಯಸ್ಸಾದವರು, ಸುಳ್ಳು ಹೇಳಲಾರರು, ಇನ್ನು ಭಯವಿಲ್ಲ ಎಂದಳು. ನನ್ನ ಬಗ್ಗೆ ಹಾಗೆ ಯಾರೂ ಹೇಳಿರಲಿಲ್ಲ ಸ್ವಾಮಿ."

ಕೋಣೆಯಲ್ಲಿ ಯಾರೂ ನಗಲಿಲ್ಲ.

"ಹೆಂಗಸನ್ನು ಬಿಡುಗಡೆ ಮಾಡಲಾಯಿತು. ಹಿಂದೆ ಹೇಳಿದ ಸುಳ್ಳು ಸಾಕ್ಷಿಗಳಿಗಾಗಿ ಸದರಿಯವನಿಗೆ ಮೂರು ತಿಂಗಳ ಸಜೆ. ಶಿಕ್ಷೆಯನ್ನು ಕೇಳಿ ಸದರಿಯವನು, ನಾನು ನಿಜ ಹೇಳಿದ್ದಕ್ಕೆ ಸಾಕ್ಷಿ ಯಾರು ಎಂದು ಕೇಳಿದನು. ಕೋರ್ಟು ನಕ್ಕಿತು."

ಕಂಪೌಂಡರು ಹಾಳೆಗಳನ್ನು ಮೇಜಿನ ಮೇಲಿಟ್ಟರು. "ಅಷ್ಟೇ ಇರೋದು. ನಮ್ಮ ತಾತ ಜಡ್ಜ್ ಅಲ್ಲ. ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ."

ಸ್ಟೇಷನ್ ಮಾಸ್ಟರ್ ಮೆಲ್ಲಗೆ ಎದ್ದು ನಿಂತರು. ಮಗಳು ಹುಡುಗನ ಕೈ ಹಿಡಿದುಕೊಂಡಳು. ಅಕ್ಕಪಕ್ಕದವರು ಮುಂದೆ ಬಗ್ಗಿದರು.

"ಅವತ್ತು ನಾನು ಜಡ್ಜಾ ಅಂತ ಕೇಳ್ದೆ. ನೀವು ತಲೆ ಆಡಿಸಿದ್ರಿ."

"ಅದು ಕೆಮ್ಮು ಸಾರ್."

"ಕೆಮ್ಮು?"

"ಬಿಸ್ಕತ್ತು ಸಾರ್."

ಸ್ಟೇಷನ್ ಮಾಸ್ಟರ್ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿದರು. ತಮ್ಮ ಕಡೆಯ ಏಳು ತಲೆಮಾರಿನ ಮೇಲೆ ಬೆರಳಾಡಿಸುತ್ತ ಬಂದರು. ಹಿಂದಿನ ಸಾಲಿನವರೆಗೂ ಕೇಳುವ, ಪ್ಲಾಟ್‌ಫಾರ್ಮಿನ ದನಿ ಅವರದು. ಅದು ಈಗ ಅರ್ಧಕ್ಕಿಳಿದಿತ್ತು.

"ಇವರು ಹುಟ್ಟಿದ್ದು ಗೊತ್ತು. ಸತ್ತಿದ್ದು ಗೊತ್ತು. ಇವರ ಜಮೀನು ಎಷ್ಟಿತ್ತು ಅಂತ ಗೊತ್ತು. ಒಬ್ಬರಾದ್ರೂ ಬಾಯಿಬಿಟ್ಟು ಮಾತಾಡಿದ್ದು ನನಗೆ ಸಿಕ್ಕಿಲ್ಲ ಬೀಗರೇ. ಹತ್ತು ವರ್ಷ ಹುಡುಕಿದ್ದೀನಿ. ನಿಮ್ಮ ತಾತ ಎದುರಿಗೆ ನಿಂತು ಮಾತಾಡ್ದಂಗಿತ್ತಲ್ರೀ!" ಪೆನ್ನು ತೆಗೆದು "ನ್ಯಾಯಾಧೀಶರು" ಎಂಬುದಕ್ಕೆ ಅಡ್ಡಗೆರೆ ಎಳೆದರು. ಮೇಲೆ ಬರೆದರು, "ಸಾಕ್ಷಿ." ಸ್ವಲ್ಪ ಯೋಚಿಸಿ ಸೇರಿಸಿದರು, "ನಾಲ್ಕು ಪುಟ ಲಭ್ಯ."

"ಅಂದ್ರೆ ಮದುವೆ..." ಎಂದಳು ಕಂಪೌಂಡರ ಹೆಂಡತಿ, ನೆಲ ನೋಡುತ್ತ.

"ಗೊತ್ತು ಮಾಡಿದ ದಿನಾನೇ ತಾಯಿ. ಹತ್ತೂಕಾಲಿಗೆ. ತಡ ಆಗೋಹಾಗಿಲ್ಲ."

ಮಗಳು ಎದ್ದು ಬಂದು ಅಪ್ಪನ ಹೆಗಲಿಗೆ ಹಣೆಯಿಟ್ಟಳು. ಡಾಕ್ಟರು ಮೂಗೊರೆಸಿಕೊಂಡು, "ಏಯ್, ನಾಳೆ ಹೊತ್ತಿಗೆ ಸರಿಯಾಗಿ ಬಾ" ಎಂದರು. ಕಂಪೌಂಡರಿಗೆ ಎಷ್ಟೋ ದಿನಗಳ ಮೇಲೆ ಉಸಿರು ಸರಾಗವಾಗಿ ಆಡಿತು.

ಅಧಿಕಾರಿ ಕೊಟ್ಟ ಮಾತಿಗೆ ಕಟ್ಟುಬಿದ್ದು ಅಲ್ಲೇ ಬರೆದರು: ಕಚೇರಿ ಎಲ್ಲರಿಗೂ ತೆರೆದಿರತಕ್ಕದ್ದು, ಹಳೆಯ ಬರಹ ಓದಿ ಹೇಳಲು ವಾರಕ್ಕೆ ಎರಡು ಸಂಜೆ ಕಂಪೌಂಡರು ಕೂರತಕ್ಕದ್ದು. ಮೇಡಂ ಅದರ ಮೇಲೆ ಮೊಹರು ಒತ್ತುವಷ್ಟರಲ್ಲಿ ಸರದಿ ಬಾಗಿಲಾಚೆಗೆ ಬೆಳೆದಿತ್ತು. ಮುಂದೆ ಅವಳಿ ಅಜ್ಜಿಯರು, ಯಾರು ಮೊದಲು ನಿಲ್ಲಬೇಕೆಂದು ಜಗಳವಾಡುತ್ತ. ಆ ದಿನ ಕತ್ತಲಾಗುವ ಹೊತ್ತಿಗೆ ಊರಿನ ಎಷ್ಟೋ ದೊಡ್ಡಪ್ಪಂದಿರು, ಮುತ್ತಜ್ಜಂದಿರು ತಮ್ಮ ಪದವಿಗಳಿಂದ ಕೆಳಗಿಳಿದರು.

ಎಲ್ಲರೂ ಹೋದ ಮೇಲೆ ಮೇಡಂ ಕಿಟಕಿ ಮುಚ್ಚುತ್ತಿದ್ದರು. ಕಂಪೌಂಡರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಆಗ ದೊಡ್ಡ ಅಧಿಕಾರಿ, ಇಷ್ಟು ಹೊತ್ತೂ ಕಪಾಟಿನ ಹಿಂದೆ ಯಾವುದೋ ಕಡತ ನೋಡುವಂತೆ ನಿಂತಿದ್ದವರು, ಹತ್ತಿರ ಬಂದರು. ಬಾಗಿಲ ಕಡೆ ಒಮ್ಮೆ ನೋಡಿ, ಜೇಬಿನಿಂದ ನಾಲ್ಕಾಗಿ ಮಡಚಿದ ಫಾರಂ ತೆಗೆದು ಮೇಜಿನ ಮೇಲಿಟ್ಟರು. ತುಂಬಿದ್ದ ಫಾರಂ.

"ನಮ್ಮಜ್ಜಂದು," ಎಂದರು, ಕುರ್ಚಿ ಹತ್ತಿರಕ್ಕೆಳೆದುಕೊಂಡು. "ಓದಿ ಪರವಾಗಿಲ್ಲ. ಆದ್ರೆ ಸ್ವಲ್ಪ ಮೆತ್ತಗೆ."